ಸುನಂದಾ ಸಿಸ್ಟರ್ ಹೇಳಿದ ಕಾಯಿಲೆ

ಕೊರೋನಾದ ಗದ್ದಲ ತಣ್ಣಗಾದ ಮರುವರ್ಷ. ನಾನು ಭಾಂಡುಪಿನ ಒಂದು ಟ್ರಸ್ಟ್ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ವೈದ್ಯಾಧಿಕಾರಿಯಾಗಿದ್ದೆ. ರಕ್ತ ಸಂಗ್ರಹಿಸುವುದು, ಪರೀಕ್ಷಿಸುವುದು, ಸಹಿ ಹಾಕಿ ವಾರ್ಡಿಗೆ ಬಿಡುವುದು ನನ್ನ ಕೆಲಸ. ನನ್ನ ಸಹಿಯಿಲ್ಲದೆ ಒಂದು ಚೀಲವೂ ಫ್ರಿಜ್ಜಿನಿಂದ ಹೊರಬೀಳುತ್ತಿರಲಿಲ್ಲ.

ಹೊರಗಿನವರು ನಂಬಲಿಕ್ಕಿಲ್ಲ, ಆದರೆ ರಕ್ತ ಕೊಡಲು ಎಲ್ಲರಿಗಿಂತ ಹೆಚ್ಚು ಹಿಂಜರಿಯುತ್ತಿದ್ದವರು ನಮ್ಮವರೇ. ಕೊಟ್ಟರೆ ಏನೂ ಆಗುವುದಿಲ್ಲ ಎಂದು ರೋಗಿಯ ಸಂಬಂಧಿಕರಿಗೆ ಧೈರ್ಯ ಹೇಳುವ ಡಾಕ್ಟರು, ನರ್ಸುಗಳು ರಕ್ತದಾನ ಶಿಬಿರದ ದಿನ ನಮ್ಮ ಕಾರಿಡಾರನ್ನೇ ತಪ್ಪಿಸಿ ಓಡಾಡುತ್ತಿದ್ದರು. ಯಾರ ರಕ್ತ ತೆಗೆಯಬಾರದು ಎಂಬ ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ಒಬ್ಬರು ನಿನ್ನೆಯಷ್ಟೇ ಆಂಟಿಬಯೋಟಿಕ್ ನುಂಗಿದವರು, ಇನ್ನೊಬ್ಬರು ಹಲ್ಲು ಕೀಳಿಸಿಕೊಂಡವರು, ಮತ್ತೊಬ್ಬರಿಗೆ ನಾಯಿ ಕಚ್ಚಿದೆ. ಶಿಬಿರದ ದಿನ ನಮ್ಮ ಸಿಬ್ಬಂದಿಯಷ್ಟು ರೋಗಿಷ್ಠರು ಇಡೀ ಮುಂಬೈಯಲ್ಲಿ ಸಿಗುತ್ತಿರಲಿಲ್ಲ. ನಾವೂ ನಕ್ಕು ಬಿಟ್ಟುಬಿಡುತ್ತಿದ್ದೆವು.

ಸರ್ಜಿಕಲ್ ವಾರ್ಡಿನ ಸುನಂದಾ ಸಿಸ್ಟರ್ ವಿಜಯಪುರದ ಕಡೆಯವರು, ನಾನು ಧಾರವಾಡದವಳು. ಊರಿನ ಮಾತು ಕೇಳಲು ಸಿಗುತ್ತದೆಂದು ಚಹಾಕ್ಕೆ ನನ್ನ ಕೋಣೆಗೆ ಬರುತ್ತಿದ್ದರು. ಅವರದು ಬಾಂಬೆ ಬ್ಲಡ್ ಗ್ರೂಪ್. ಈ ನಗರದಲ್ಲೇ ಮೊದಲು ಗುರುತಿಸಿದ, ತೀರ ಅಪರೂಪದ ಗುಂಪು. ಅಂಥವರಿಗೆ ಅದೇ ಗುಂಪಿನವರ ರಕ್ತವೇ ಆಗಬೇಕು, ಓ ನೆಗೆಟಿವ್ ಕೂಡ ನಡೆಯುವುದಿಲ್ಲ. ನಾನು ದಾನದ ಮಾತೆತ್ತಿದಾಗ ಅವರು ತಮಗೆ ಹಿಂದೆ ಹೆಪಟೈಟಿಸ್ ಬಿ ಆಗಿತ್ತು ಎಂದರು. ಅದು ರಕ್ತದಿಂದ ಹರಡುವ ಕಾಮಾಲೆ. ಒಮ್ಮೆ ಆದವರಿಂದ ಮುಂದೆಂದೂ ರಕ್ತ ತೆಗೆದುಕೊಳ್ಳುವಂತಿಲ್ಲ. ನಾನು ಮತ್ತೆ ಕೇಳಲಿಲ್ಲ.

ಆ ವರ್ಷ ಅವರ ತಂಗಿ ಗೀತಾ ಹೆರಿಗೆಗೆ ಅಕ್ಕನ ಆಸ್ಪತ್ರೆಗೇ ಬಂದಳು. ಊರಿನ ಲ್ಯಾಬಿನವರು ಅವಳದು ಓ ಪಾಸಿಟಿವ್ ಎಂದಿದ್ದರು. ಸರಳ ಪರೀಕ್ಷೆಯಲ್ಲಿ ಬಾಂಬೆ ಗುಂಪು ಓ ಗುಂಪಿನ ಹಾಗೆಯೇ ಕಾಣುತ್ತದೆ. ನರ್ಸಾದ ಅಕ್ಕನೂ ಅದನ್ನು ನಂಬಿದ್ದರು. ಹೆಣ್ಣುಮಗು ಚೆನ್ನಾಗಿ ಹುಟ್ಟಿತು, ಆದರೆ ತಾಯಿಗೆ ವಿಪರೀತ ರಕ್ತಸ್ರಾವ. ನಮ್ಮಲ್ಲಿದ್ದ ಓ ಗುಂಪಿನ ಯಾವ ಚೀಲವೂ ಅವಳ ರಕ್ತಕ್ಕೆ ಹೊಂದಲಿಲ್ಲ. ಅವಳದೂ ಅಕ್ಕನ ಹಾಗೆ ಬಾಂಬೆ ಗುಂಪೇ ಎಂದು ಆಗ ನಮಗೆ ಹೊಳೆಯಿತು. ಆಪರೇಷನ್ ಮಾಡಿ ಸ್ರಾವವನ್ನೇನೋ ನಿಲ್ಲಿಸಿದರು, ಮೈಯಲ್ಲಿ ಉಳಿದ ರಕ್ತ ಮಾತ್ರ ತೀರ ಕಡಿಮೆ. ಅದೇ ಗುಂಪಿನ ಒಬ್ಬ ದಾನಿ ಬೊರಿವಲಿಯಲ್ಲಿ ಸಿಕ್ಕಿದರು, ಫೋನಿಟ್ಟವರೇ ಹೊರಟರು.

ಅಷ್ಟರಲ್ಲಿ ಸುನಂದಾ ಬಂದು ನನ್ನ ಕೋಣೆಯ ಬಾಗಿಲು ಹಾಕಿಕೊಂಡರು.

"ಮೇಡಂ, ನನಗ ಯಾವ ಕಾಮಣೀನೂ ಆಗಿಲ್ಲ. ಸುಳ್ಳ ಹೇಳಿದ್ದೆ. ನನ್ನ ರಕ್ತ ತಗೋರಿ."

ಇಂಥ ಗುಂಪಿನವರು ಒಮ್ಮೆ ಕೊಟ್ಟರೆ ಹೆಸರು ಎಲ್ಲ ಕಡೆ ಹೋಗುತ್ತದೆ, ಹೊತ್ತಿಲ್ಲದ ಹೊತ್ತಿನಲ್ಲಿ ಫೋನು ಬರುತ್ತದೆ ಎಂದು ಅವರು ಹೆದರಿದ್ದರಂತೆ. ಡ್ಯೂಟಿ, ಲೋಕಲ್ ರೈಲಿನ ಓಡಾಟ, ಮನೆಯಲ್ಲಿ ಎರಡು ಮಕ್ಕಳು. ಯಾರೂ ಮತ್ತೆ ಕೇಳದಂಥ ಕಾಯಿಲೆಯನ್ನೇ ನರ್ಸಿನ ಬುದ್ಧಿಯಿಂದ ಆರಿಸಿಕೊಂಡಿದ್ದರು.

ರಕ್ತ ತೆಗೆದೆ. ತಂಗಿಯ ರಕ್ತಕ್ಕೆ ಸರಿಯಾಗಿ ಹೊಂದಿತು. ತಕ್ಷಣದ ಕಿಟ್ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಆದರೆ ಹೆಪಟೈಟಿಸ್ ಆಗಿತ್ತು ಎಂದವರ ವಿಷಯದಲ್ಲಿ ಆ ಕಿಟ್ಟನ್ನು ನೆಚ್ಚುವಂತಿಲ್ಲ, ಪೂರ್ಣ ಪರೀಕ್ಷೆಗೆ ಕೆಲವು ಗಂಟೆ ಬೇಕು. ಗೀತಾ ಮಾತಾಡುತ್ತಿದ್ದಾಳೆ, ಕಾಯಬಹುದು ಎಂದರು ಹೆರಿಗೆ ಡಾಕ್ಟರು. ಬೊರಿವಲಿಯವರೂ ದಾರಿಯಲ್ಲಿದ್ದರು. ಪೂರ್ಣ ರಿಪೋರ್ಟ್ ಬರುವವರೆಗೆ ಸುನಂದಾ ಅವರ ಚೀಲವನ್ನು ಬಿಡುವುದಿಲ್ಲವೆಂದು ನಾನು ತೀರ್ಮಾನಿಸಿದೆ. ಸುನಂದಾ ವಾದಿಸಲಿಲ್ಲ. ಫ್ರಿಜ್ಜಿನ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು.

ಸ್ರಾವ ಮತ್ತೆ ಶುರುವಾಯಿತೆಂದು ಫೋನ್ ಬಂದಾಗ ರಿಪೋರ್ಟ್ ಇನ್ನೂ ಬಂದಿರಲಿಲ್ಲ. ಹಾಗೆಯೇ ಸಹಿ ಹಾಕಿ, ಚೀಲ ಹಿಡಿದು ನಾನೇ ಮೇಲಕ್ಕೆ ಓಡಿದೆ. ಥಿಯೇಟರಿನ ಬಾಗಿಲಲ್ಲಿ ಡಾಕ್ಟರು ಮಾಸ್ಕ್ ತೆಗೆದು ನಿಂತಿದ್ದರು. ಗೀತಾ ಹೋಗಿಬಿಟ್ಟಿದ್ದಳು.

ಕೆಳಗೆ ಬರುವಷ್ಟರಲ್ಲಿ ರಿಪೋರ್ಟ್ ಬಂದಿತ್ತು. ಸುನಂದಾ ಅವರ ರಕ್ತದಲ್ಲಿ ಯಾವ ದೋಷವೂ ಇರಲಿಲ್ಲ. ಬೊರಿವಲಿಯವರು ಟ್ರಾಫಿಕ್ಕಿನಲ್ಲಿ ಬೆಂದು ಆಗತಾನೇ ಒಳಗೆ ಬಂದು, ಅಂಗಿಯ ತೋಳು ಮಡಚಿಕೊಂಡು ನಿಂತಿದ್ದರು. ಇನ್ನು ಬೇಕಾಗಿಲ್ಲ ಎಂದೆ. "ಮತ್ಲಬ್ ಪೇಶಂಟ್ ಠೀಕ್ ಹೈ ನಾ?" ಎಂದರು, ರೋಗಿ ಹುಷಾರಾದರೆಂದುಕೊಂಡು ಮುಖ ಅರಳಿಸಿ.

ಆ ಚೀಲ ಮುಂದೆ ವಿಲೆ ಪಾರ್ಲೆಯ ಆಸ್ಪತ್ರೆಯೊಂದರ ರೋಗಿಗೆ ಹೋಯಿತು, ಆತ ಉಳಿದ. ಗೀತಾಳ ಮಗಳು ಈಗ ಸುನಂದಾರನ್ನೇ ಅವ್ವ ಎನ್ನುತ್ತಾಳೆ.

ಈ ಪ್ರಕರಣ ನನಗೆ ಕಲಿಸಿದ್ದು ಇಷ್ಟು: ಕೊಡಲು ಮನಸ್ಸಿಲ್ಲದವರಿಗೆ ಮನಸ್ಸಿಲ್ಲ ಎಂದು ಹೇಳುವ ಅವಕಾಶ ಇರಬೇಕು. ನಿವೃತ್ತಿಯಾಗುವವರೆಗೂ ಪ್ರತಿ ಹೊಸ ಸಿಬ್ಬಂದಿಗೆ ಅದನ್ನೇ ಹೇಳಿದೆ. ಭಯವಾದರೆ ಭಯ ಅನ್ನಿ, ಬೇಜಾರಾದರೆ ಬೇಜಾರು ಅನ್ನಿ, ನಾನು ಯಾಕೆಂದು ಕೇಳುವುದಿಲ್ಲ. ಇಲ್ಲದ ಕಾಯಿಲೆ ಮಾತ್ರ ಹೇಳಬೇಡಿ. ರಕ್ತವನ್ನು ಪರೀಕ್ಷಿಸಲು ನಮ್ಮಲ್ಲಿ ಯಂತ್ರಗಳಿವೆ, ಮಾತನ್ನು ಪರೀಕ್ಷಿಸಲು ಏನೂ ಇಲ್ಲ.

ಕೆಲವು ತಿಂಗಳ ನಂತರ ಸುನಂದಾ ತಾವಾಗಿಯೇ ರಕ್ತ ಕೊಡಲು ಬಂದರು. ಸೂಜಿ ಚುಚ್ಚಿದ ಮೇಲೆ, ನನ್ನತ್ತ ನೋಡದೆ, ಅವತ್ತು ಕಾಮಣಿ ಆಗಿಲ್ಲ ಎಂದ ತಮ್ಮ ಮಾತನ್ನು ನಂಬಿದ್ದಿರಾ ಎಂದು ಕೇಳಿದರು. ನಂಬಿದ್ದೆ ಎಂದೆ.

"ಮತ್ಯಾಕ ಕೊಡಲಿಲ್ಲರಿ?"

"ಕಾಮಣಿ ಖರೇನ ಆಗಿದ್ರೂ ನೀವು ಅವತ್ತ ಆಗಿಲ್ಲ ಅಂತನ ಹೇಳ್ತಿದ್ರಿ, ಸುನಂದಾ."

ಅವರು ಅರ್ಧ ತುಂಬಿದ ಚೀಲದತ್ತ ತಿರುಗಿದರು.

"ಹೌದ್ರಿ. ಹೇಳ್ತಿದ್ದೆ," ಎಂದರು.

ನನಗೆ ಅದರಿಂದ ಸಮಾಧಾನವಾಗಬೇಕಿತ್ತು. ಇವತ್ತಿನವರೆಗೂ ಆಗಿಲ್ಲ.