ಲೆಕ್ಕದಿಂದ ಬಿಟ್ಟ ಎರಡು ವಾರ

ಯೂನಿವರ್ಸಿಟಿಯ ಹಾಜರಿ ಪುಸ್ತಕದಲ್ಲಿ ಆಕೆಗೆ ಉದ್ದನೆಯ ಹೆಸರಿತ್ತು, ಹೆಸರಿನ ಜೊತೆ ಡಾಕ್ಟರೇಟೂ ಇತ್ತು. ಆದರೆ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಆಕೆ ‘ಗಡಿಯಾರದ ಮೇಡಂ’. ಔಷಧಿ ಕೊಡುವ ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು, ಯಾರು ಎಷ್ಟು ಹೊತ್ತು ಕಾದರು, ಯಾರು ಕಾದು ಬೇಸತ್ತು ಎದ್ದುಹೋದರು ಎಂದು ಬರೆದುಕೊಳ್ಳುವವಳಿಗೆ ಜನ ಇನ್ನೇನು ಹೆಸರಿಟ್ಟಾರು?

ಮದುವೆಯಾದ ಹೊಸತರಲ್ಲಿ ಅತ್ತೆ ಕೇಳಿದ್ದರು, “ನೀನು ಕಾಲೇಜಲ್ಲಿ ಅದೇನಮ್ಮಾ ಮಾಡೋದು?”

“ಜನ ಸಾಲಲ್ಲಿ ಹೇಗೆ ಕಾಯ್ತಾರೆ ಅಂತ ನೋಡ್ತೀನಿ ಅತ್ತೆ.”

“ಅದನ್ನ ನೋಡೋಕೂ ಸಂಬಳ ಕೊಡ್ತಾರಾ!” ಎಂದು ಅತ್ತೆ ಬಿದ್ದು ಬಿದ್ದು ನಕ್ಕಿದ್ದರು.

ನಕ್ಕವರು ಅವರೊಬ್ಬರೇ ಅಲ್ಲ. ಗಣಿತದವರು ಇದು ಗಣಿತವಲ್ಲ ಎಂದರು, ಮನಃಶಾಸ್ತ್ರದವರು ಇದು ನಮ್ಮದೂ ಅಲ್ಲ ಎಂದು ಕೈ ತೊಳೆದುಕೊಂಡರು. ಆಕೆ ಯಾರಿಗೂ ಸೊಪ್ಪು ಹಾಕಲಿಲ್ಲ. ಬಸ್ ಟಿಕೆಟ್ಟಿನ ಕಿಟಕಿ, ಅಂಚೆ ಕಚೇರಿ, ಕ್ಷೌರದಂಗಡಿಯ ಬೆಂಚು, ಎಲ್ಲಿ ನಾಲ್ಕು ಜನ ಕಾಯುತ್ತಾರೋ ಅಲ್ಲಿ ಐದನೆಯವಳಾಗಿ ಇಪ್ಪತ್ತು ವರ್ಷ ನಿಂತಳು. ಇಂಥ ಹಠ ಎಲ್ಲರಿಗೂ ಬರುವುದಿಲ್ಲ. ಬಂದರೆ ಮನೆಯವರ ಪಾಡು ಕಷ್ಟ. ಆಕೆಯ ಗಂಡನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿಯಿತ್ತು. “ನನ್ನ ಅಂಗಡಿಗೆ ಮಾತ್ರ ಬರಬೇಡ ಮಾರಾಯ್ತಿ, ಇರೋ ಇಬ್ಬರು ಗಿರಾಕಿಗಳೂ ಓಡಿಹೋಗ್ತಾರೆ” ಎಂದು ಆತ ಕೈ ಮುಗಿಯುತ್ತಿದ್ದ.

ಬರಬರುತ್ತಾ ಆಕೆಯ ಗಮನ ಕಾಯುವವರಿಂದ ಸಾಮಾನು ತರಿಸುವವರ ಕಡೆಗೆ ಹೊರಳಿತು. ಹತ್ತು ಬೇಕಾದವನು ಹದಿನೈದು ಕೇಳುತ್ತಾನೆ. ಕೊಡುವವನಿಗೆ ಇವನ ಬುದ್ಧಿ ಗೊತ್ತು, ಹತ್ತೇ ಕಳಿಸುತ್ತಾನೆ. ಮುಂದಿನ ಸಲ ಇವನು ಇಪ್ಪತ್ತು ಕೇಳುತ್ತಾನೆ. ಒಬ್ಬರನ್ನೊಬ್ಬರು ನಂಬದೆ ಹೀಗೆ ಕಪಾಟುಗಳು ತುಂಬುತ್ತವೆ, ಬೇಕಾದ ಹೊತ್ತಿಗೆ ಬೇಕಾದ್ದೊಂದು ಮಾತ್ರ ಇರುವುದಿಲ್ಲ. ಇದನ್ನು ಸರಿಮಾಡಬಹುದೆಂದು ಆಕೆಗೆ ಗಟ್ಟಿ ನಂಬಿಕೆಯಿತ್ತು.

ಊರಿನ ದೊಡ್ಡಾಸ್ಪತ್ರೆ ಒಪ್ಪಿತು. ಹನ್ನೊಂದು ವಾರ್ಡು, ನೆಲಮಾಳಿಗೆಯಲ್ಲಿ ಒಂದು ಸ್ಟೋರು. ಪ್ರತಿ ವಾರ್ಡಿನಲ್ಲೂ ಡ್ರಿಪ್ ಸೆಟ್ಟು, ಸಿರಿಂಜು, ಕೈಗವಸು ಎಲ್ಲ ಏಳು ದಿನಕ್ಕಾಗುವಷ್ಟು ಪೇರಿಸಿಡುತ್ತಿದ್ದರು. ಆಕೆಯ ಯೋಜನೆ ಸರಳವಾಗಿತ್ತು: ಸ್ಟೋರಿನ ಗಾಡಿ ದಿನಕ್ಕೆರಡು ಸಲ ತಪ್ಪದೆ ವಾರ್ಡಿಗೆ ಬರಬೇಕು, ವಾರ್ಡಿನಲ್ಲಿ ಎರಡು ದಿನಕ್ಕಾಗುವಷ್ಟು ಮಾತ್ರ ಇರಬೇಕು. ಎಂಟು ತಿಂಗಳು ನಡೆಸಿ ನೋಡಿದರು. ವಾರ್ಡುಗಳ ದಾಸ್ತಾನು ಅರ್ಧಕ್ಕಿಂತ ಕೆಳಗಿಳಿಯಿತು, ಒಂದೇ ಒಂದು ಸಲವೂ ರೋಗಿಗೆ ಏನೂ ಕಡಿಮೆಯಾಗಲಿಲ್ಲ. ಪ್ರಯೋಗ ಮುಗಿದ ಮೇಲೂ ಆಸ್ಪತ್ರೆ ಅದೇ ಕ್ರಮ ಉಳಿಸಿಕೊಂಡಿತು.

ಇದರ ಬಗ್ಗೆ ಆಕೆ ಬರೆದ ಪ್ರಬಂಧ ದೊಡ್ಡ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಿಗೆ ಒಪ್ಪಿಗೆಯಾಯಿತು. ಎರಡು ಸಲ ಕೈತಪ್ಪಿದ್ದ ಪ್ರೊಫೆಸರ್ ಹುದ್ದೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮನೆ ಬಾಗಿಲಿಗೆ ಬಂದು ನಿಂತಿತು. ಆರೋಗ್ಯ ಇಲಾಖೆಯಂತೂ ಒಂದು ಹೆಜ್ಜೆ ಮುಂದೆ ಹೋಯಿತು. ಬರುವ ತಿಂಗಳ ಒಂದನೇ ತಾರೀಖಿಗೆ ಹದಿನಾಲ್ಕು ಆಸ್ಪತ್ರೆಗಳಲ್ಲಿ ಇದೇ ಕ್ರಮ, ವಾರ್ಡುಗಳಲ್ಲಿ ಹೆಚ್ಚಿಗೆ ಇರುವುದನ್ನೆಲ್ಲ ಅಂದೇ ಲಾರಿಗೆ ತುಂಬಿ ವಾಪಸ್ ತರುವುದು ಎಂದು ಆದೇಶ ಸಿದ್ಧವಾಯಿತು.

ಒಂದನೇ ತಾರೀಖಿಗೆ ಹದಿನೆಂಟು ದಿನ ಇರುವಾಗ ಆಕೆ ಎಲ್ಲರಿಗೂ ಒಂದು ಥ್ಯಾಂಕ್ಸ್ ಹೇಳಿಬರೋಣವೆಂದು ಆಸ್ಪತ್ರೆಗೆ ಹೋದಳು. ಬೆಳಿಗ್ಗೆಯಿಂದ ಲಿಫ್ಟ್ ಕೆಟ್ಟಿತ್ತು. ಏದುಸಿರು ಬಿಡುತ್ತಾ ಮೂರನೇ ಮಹಡಿ ಹತ್ತಿದಾಗ ವಾರ್ಡಿನಲ್ಲಿ ಗಡಿಬಿಡಿ. ಆಗತಾನೇ ತಂದ ರೋಗಿಯೊಬ್ಬರಿಗೆ ತಕ್ಷಣ ಡ್ರಿಪ್ ಹಾಕಬೇಕು. ಗೋಡೆಯ ಮೇಲಿನ ಪಟ್ಟಿಯನ್ನು ಆಕೆ ಅಭ್ಯಾಸಬಲದಿಂದ ನೋಡಿದಳು: ಡ್ರಿಪ್ ಸೆಟ್, ಸೊನ್ನೆ. ಸ್ಟೋರಿನ ಗಾಡಿ ಕೆಳಗೇ ಸಿಕ್ಕಿಕೊಂಡಿತ್ತು. ಆಕೆಯ ಬೆರಳು ತನ್ನಷ್ಟಕ್ಕೆ ಗಡಿಯಾರ ಒತ್ತಿತು.

ನಲವತ್ತು ಸೆಕೆಂಡಿಗೆ ಸೆಟ್ಟು ಹಾಸಿಗೆಯ ಬಳಿ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಸದ್ಯ, ಬದುಕಿದೆವು ಎಂದು ಮನೆಗೆ ಹೋಗುತ್ತಿದ್ದರು. ಆಕೆ ದೊಡ್ಡ ಸಿಸ್ಟರನ್ನು, ಎಂದರೆ ಆ ವಾರ್ಡಿನ ಮುಖ್ಯ ನರ್ಸನ್ನು, ಪಕ್ಕಕ್ಕೆ ಕರೆದಳು.

“ಸಿಸ್ಟರ್, ಪಟ್ಟೀಲಿ ಸೊನ್ನೆ ಇದೆ. ಇದು ಎಲ್ಲಿಂದ ಬಂತು?”

ದೊಡ್ಡ ಸಿಸ್ಟರ್ ಕಾರಿಡಾರಿನ ಕೊನೆಯ ಕಬ್ಬಿಣದ ಬೀರು ತೆರೆದರು. ಬಾಗಿಲ ಮೇಲೆ ‘ಹರಿದ ಹೊದಿಕೆಗಳು’ ಎಂದು ಚೀಟಿ ಅಂಟಿಸಿತ್ತು. ಮುಂದೆ ಎರಡು ಹರಿದ ಹೊದಿಕೆ, ಅವುಗಳ ಹಿಂದೆ ಡ್ರಿಪ್ ಸೆಟ್ಟು, ಸಿರಿಂಜು, ಕೈಗವಸುಗಳ ಪೆಟ್ಟಿಗೆಗಳು ಮೇಲಿನವರೆಗೆ.

“ಎಲ್ಲಾ ವಾರ್ಡಲ್ಲೂ ಇದೆಯಾ?”

“ಇದೆ ಮೇಡಂ. ನೀವು ಪಾಪ, ಪ್ರಯೋಗ ಶುರುವಾಗೋಕೆ ಎರಡು ವಾರ ಮುಂಚೆನೇ ಕಾಗದ ಬರೆದು ತಿಳಿಸಿದ್ರಲ್ಲ, ಆಗಲೇ ತುಂಬಿಸಿಕೊಂಡ್ವಿ. ನಿಮ್ಮ ಕೆಲಸ ಕೆಡಬಾರದು ಅಂತ ನಿಮಗೆ ಹೇಳ್ಲಿಲ್ಲ. ನೀವು ಒಳ್ಳೆಯವರು.”

ಆ ಒಳ್ಳೆಯ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ಇಲ್ಲದಾಗುತ್ತದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಜನ ಮುಂಚೆಯೇ ಕೂಡಿಟ್ಟುಕೊಳ್ಳುತ್ತಾರೆ ಎಂದು ಹತ್ತು ವರ್ಷ ಹಿಂದೆ ಬರೆದವಳೇ ಆಕೆ. ಹಾಗಿದ್ದೂ ಮರ್ಯಾದೆಗೆಂದು, ಯಾರಿಗೂ ತೊಂದರೆಯಾಗದಿರಲೆಂದು, ಹನ್ನೊಂದು ವಾರ್ಡಿಗೂ ತಾನೇ ಸುದ್ದಿ ಮುಟ್ಟಿಸಿದ್ದಳು.

ಮನೆಗೆ ಬಂದವಳೇ ಸ್ಟೋರಿನ ಹಳೆಯ ಲೆಕ್ಕ ಹರಡಿಕೊಂಡು ಕೂತಳು. ಕಾಗದ ಕಳಿಸಿದ ದಿನಕ್ಕೂ ಪ್ರಯೋಗ ಶುರುವಾದ ದಿನಕ್ಕೂ ನಡುವಿನ ಎರಡು ವಾರಕ್ಕೆ ಆಕೆ ‘ಸಿದ್ಧತೆಯ ಅವಧಿ’ ಎಂದು ಹೆಸರಿಟ್ಟು ಲೆಕ್ಕದಿಂದಲೇ ಬಿಟ್ಟಿದ್ದಳು. ಆ ಎರಡು ವಾರ ಹನ್ನೊಂದೂ ವಾರ್ಡುಗಳು ಮಾಮೂಲಿಗಿಂತ ಮೂರು ಪಟ್ಟು ತರಿಸಿಕೊಂಡಿದ್ದವು. ಮೂರು ವರ್ಷದಿಂದ ಕಣ್ಣೆದುರಿಗೇ ಬಿದ್ದಿದ್ದ ಅಂಕಿ. ಆಕೆಗೆ ಅಳು ಬಂತು, ಅತ್ತಳು. ಗಂಡ ಕಾಫಿ ತಂದಿಟ್ಟು ಕೇಳಿದ:

“ಸುಮ್ಮನಿದ್ರೆ ಏನಾಗುತ್ತೆ?”

“ಇಲ್ಲಿ ಏನೂ ಆಗಲ್ಲ, ಬೀರು ಇದೆ. ಆ ಹದಿನಾಲ್ಕು ಕಡೆ ಹೇಳದೆ ಕೇಳದೆ ಲಾರಿ ಬಂದು ಎಲ್ಲಾ ಬಳಿದುಕೊಂಡು ಹೋಗುತ್ತೆ. ಲಿಫ್ಟ್ ಕೆಟ್ಟ ಮೊದಲನೇ ದಿನವೇ ಯಾರಾದ್ರೂ ಸಾಯ್ತಾರೆ ಕಣ್ರೀ.”

ಪ್ರಬಂಧ ಹಿಂದಕ್ಕೆ ಪಡೆಯುತ್ತೇನೆ ಎಂದಾಗ ವಿಭಾಗದ ಮುಖ್ಯಸ್ಥರು ಬೆಣ್ಣೆಯಂತೆ ಮಾತಾಡಿದರು. “ಪ್ರೊಫೆಸರ್ ಹುದ್ದೆ ಸಂದರ್ಶನ ಇರೋದು ಬರೋ ಬುಧವಾರ. ಅದು ಮುಗೀಲಿ, ಆಮೇಲೆ ನೋಡೋಣಮ್ಮ. ಅಂಕಿಗಳೇನು ಸುಳ್ಳಲ್ಲವಲ್ಲ?”

“ಅಂಕಿ ಸುಳ್ಳಲ್ಲ ಸಾರ್. ನಾನು ಅದರಿಂದ ಹೇಳಿದ್ದು ಸುಳ್ಳು.”

ಅಂದೇ ಪತ್ರಿಕೆಗೆ ನಾಲ್ಕು ಸಾಲು ಬರೆದು ಪ್ರಬಂಧ ಹಿಂದಕ್ಕೆ ಪಡೆದಳು. ಇನ್ನು ಉಳಿದದ್ದು ಇಲಾಖೆ. ಅಲ್ಲಿ ಒಂದು ತೊಡಕಿತ್ತು. ಪಟ್ಟಿಗೆ ಸೇರಿಸದೆ ಸಾಮಾನು ಇಟ್ಟುಕೊಳ್ಳುವುದು ತಪ್ಪು, ಬೀರುವಿನ ಸುದ್ದಿ ಹೊರಬಿದ್ದರೆ ಸಿಸ್ಟರುಗಳ ಕೆಲಸಕ್ಕೇ ಕುತ್ತು. ಆದೇಶವೂ ನಿಲ್ಲಬೇಕು, ಅವರ ತಲೆಯ ಮೇಲೂ ಏನೂ ಬೀಳಬಾರದು. ಆಕೆ ಬೀರುವಿನ ಮಾತೇ ಎತ್ತದೆ ಎರಡು ವಾರದ ಲೆಕ್ಕವನ್ನು ಮಾತ್ರ ಅಧಿಕಾರಿಯ ಮೇಜಿನ ಮೇಲಿಟ್ಟಳು.

ಅಧಿಕಾರಿ ದಡ್ಡರಲ್ಲ. ಓದಿ ಕಣ್ಣು ಕೆಂಪು ಮಾಡಿದರು. “ಅಂದ್ರೆ ಬಚ್ಚಿಟ್ಟಿದ್ದಾರೆ. ಯಾರ್‍ಯಾರು, ಹೆಸರು ಹೇಳಿ.”

“ಹನ್ನೊಂದಕ್ಕೆ ಹನ್ನೊಂದೂ ವಾರ್ಡು ಸಾರ್. ಎಲ್ಲರೂ ಒಂದೇ ರೀತಿ ನಡೆದುಕೊಂಡ್ರೆ ತಪ್ಪು ಅವರದಲ್ಲ, ಯೋಜನೇದು. ಕಾಗದ ಬರೆದವಳು ನಾನು, ಆ ಎರಡು ವಾರ ಬಿಟ್ಟವಳೂ ನಾನೇ. ನೋಟೀಸ್ ಕೊಡೋದಿದ್ರೆ ನನಗೇ ಕೊಡಿ.”

“ನಿಮಗೆ ಇದರಿಂದ ಏನು ಲಾಭ?”

“ಏನೂ ಇಲ್ಲ. ಆದೇಶ ನಿಲ್ಲಿಸಿ.”

ಅವತ್ತು ನಿಲ್ಲಿಸಲಿಲ್ಲ. ಮಾರನೆಯ ದಿನವೂ ಇಲ್ಲ. ಸಾಲಿನ ಶಾಸ್ತ್ರ ಓದಿದವಳು ಆ ಕಚೇರಿಯ ಬೆಂಚಿನ ಮೇಲೆ ಒಂಬತ್ತು ದಿನ ಪಟ್ಟುಹಿಡಿದು ಕೂತಳು. ಕಾಯುವವರು ಯಾವಾಗ ಸೋತು ಎದ್ದುಹೋಗುತ್ತಾರೆಂದು ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದ್ದುಹೋಗಲಿಲ್ಲ. ನಡುವೆ ಬುಧವಾರ ಬಂತು, ಸಂದರ್ಶನ ನಡೆಯಿತು, ಹುದ್ದೆ ಆಕೆಗಿಂತ ಹನ್ನೆರಡು ವರ್ಷ ಚಿಕ್ಕವನ ಪಾಲಾಯಿತು. ಹೊಟ್ಟೆ ಉರಿಯಿತು, ಚೆನ್ನಾಗಿಯೇ ಉರಿಯಿತು. ಗುರುವಾರ ಬೆಳಿಗ್ಗೆ ಮತ್ತೆ ಬೆಂಚಿನ ಮೇಲಿದ್ದಳು. ಹತ್ತನೆಯ ದಿನ ಅಧಿಕಾರಿ, ಆಕೆಯ ಮುಖ ನೋಡಿ ನೋಡಿ ಸಾಕಾಗಿಯೋ ಲೆಕ್ಕ ಮನಸ್ಸಿಗೆ ಹತ್ತಿಯೋ, ತಡೆಯಾಜ್ಞೆಗೆ ಸಹಿ ಹಾಕಿದರು. ನೋಟೀಸು ಆಕೆಯ ಹೆಸರಿಗೇ ಬಂತು.

ಮಾರನೆಯ ದಿನ ಹೊಸ ನೋಟ್‌ಬುಕ್ ಹಿಡಿದು ಮೂರನೇ ಮಹಡಿ ಹತ್ತಿದಳು. ದೊಡ್ಡ ಸಿಸ್ಟರ್‌ಗೆ ಎಲ್ಲ ಗೊತ್ತಾಗಿತ್ತು. ಮುಖ ಸಣ್ಣದಾಗಿತ್ತು.

“ನಮ್ಮಿಂದ ನಿಮಗೆ ಹೀಗಾಯ್ತಲ್ಲ ಮೇಡಂ.”

“ಅದು ಬಿಡಿ. ಕೆಲಸದ ಮಾತು ಕೇಳ್ತೀನಿ. ಸ್ಟೋರಿನ ಗಾಡಿ ಎಷ್ಟು ದಿನ ಹೊತ್ತಿಗೆ ಸರಿಯಾಗಿ ಬಂದ್ರೆ ನೀವು ಈ ಬೀರು ಖಾಲಿ ಮಾಡ್ತೀರಿ? ತಿಂಗಳು? ವರ್ಷ?”

ದೊಡ್ಡ ಸಿಸ್ಟರ್ ಆರನೇ ಹಾಸಿಗೆಯ ಕಡೆ ಕೈ ತೋರಿಸಿದರು. “ನಾನು ಸೇರಿದ ವರ್ಷ ಡ್ರಿಪ್ ಸೆಟ್ಟು ಬರಲಿಲ್ಲ ಅಂತ ಆರನೇ ಹಾಸಿಗೆಯವಳು ನನ್ನ ಕೈ ಹಿಡ್ಕೊಂಡೇ ಹೋದಳು ಮೇಡಂ. ಇಪ್ಪತ್ತಾರು ವರ್ಷ ಆಯ್ತು. ಅದಾದ ಮೇಲೆ ಎಷ್ಟು ದಿನ ಸರಿಯಾಗಿ ಬಂದ್ರೆ ಸಾಕು ಅಂತ ನೀವೇ ಲೆಕ್ಕ ಹಾಕಿ ಹೇಳಿ.”

ಆಕೆ ಕುರ್ಚಿ ಎಳೆದುಕೊಂಡು ಕೂತು, ನೋಟ್‌ಬುಕ್ಕಿನ ಮೊದಲ ಪುಟ ತೆರೆದಳು.

“ಆಕೆ ಹೆಸರೇನು ಸಿಸ್ಟರ್? ಅಲ್ಲಿಂದ ಶುರುಮಾಡೋಣ.”