ಎಕ್ಸ್‌ರೇ ಕೋಣೆಯ ಚಂದ್ರಮತಿ ಮತ್ತು ತಾಳಿಯ ಪ್ರಶ್ನೆ

ಗುಂಡ್ಲುಪೇಟೆ ತಾಲ್ಲೂಕಿನ ಆರೋಗ್ಯದ ಮುಂದೆ ಸದ್ಯಕ್ಕಿರುವ ಬಹುದೊಡ್ಡ ಪ್ರಶ್ನೆ ಇದು: ಎದೆಯ ಎಕ್ಸ್‌ರೇ ತೆಗೆಯುವ ಹೊತ್ತಿನಲ್ಲಿ ಹೆಂಗಸಿನ ತಾಳಿ ಎಲ್ಲಿರಬೇಕು? ಪುಸ್ತಕದ ಪ್ರಕಾರ ಲೋಹದ ಚೂರೂ ಮೈಮೇಲೆ ಇರಕೂಡದು, ನೆರಳು ಬಿದ್ದು ರೋಗ ಮರೆಯಾಗುತ್ತದೆ. ಅತ್ತೆಯಂದಿರ ಪ್ರಕಾರ ತಾಳಿ ಕತ್ತು ಬಿಟ್ಟು ಕದಲಕೂಡದು. ಬೆನ್ನಿಗೆಸೆದುಕೊಂಡರೂ ನೆರಳು ತಪ್ಪದು. ಬಾಯಲ್ಲಿ ಕಚ್ಚಿಕೊಂಡರೆ ಉಸಿರು ಬಿಗಿಹಿಡಿಯುವ ಬದಲು ಕೆಮ್ಮು ಬರುತ್ತದೆ.

ಈ ಎರಡು ಪಕ್ಷಗಳ ನಡುವೆ ನಿಂತಿರುವವರು ಚಂದ್ರಮತಿ, ಪಟ್ಟಣದ ಸಣ್ಣ ಟ್ರಸ್ಟ್ ಆಸ್ಪತ್ರೆಯೊಂದರ ಏಕೈಕ ಎಕ್ಸ್‌ರೇ ಟೆಕ್ನಿಷಿಯನ್. ಭೀಮನಬೀಡಿನಿಂದ ಮೊದಲ ಬಸ್ಸಿಗೆ ಬಂದು ಬಾಗಿಲು ತೆರೆಯುವಷ್ಟರಲ್ಲಿ ಬೆಂಚು ತುಂಬಿರುತ್ತದೆ. ದಿನಕ್ಕೆ ಮೂವತ್ತು ನಲವತ್ತು ಎದೆ, ಕೈ, ಕಾಲು. ಕೂಲಿಯವರ ಮನೆಯಿಂದ ಮೈಸೂರಿಗೆ ಹೋಗಿ ಡಿಪ್ಲೊಮಾ ಮಾಡಿಕೊಂಡವರು. "ನಮ್ಮವ್ವ ಇವತ್ತಿಗೂ ನಾನು ಫೋಟೊ ಸ್ಟುಡಿಯೋಲಿ ಅವ್ನಿ ಅಂತ್ಲೇ ಯೋಳ್ಕೊಂಡು ತಿರುಗ್ತದ. ನಾವು ಯಾರ್ನೂ ನಗಿ ಅನ್ನಲ್ಲ, ಅಷ್ಟೇಯ."

ಇಂದು ಅವರಿಗೇ ಪರೀಕ್ಷೆ. ಹೊಸ ಡಿಜಿಟಲ್ ಯಂತ್ರ ಬಂದಿದೆ. ಅದನ್ನು ಒಬ್ಬರೇ ನಡೆಸಲು ಯೋಗ್ಯರೋ ಅಲ್ಲವೋ ಎಂದು ತೀರ್ಮಾನಿಸಲು ಚಾಮರಾಜನಗರದ ಹಿರಿಯ ಟೆಕ್ನಿಷಿಯನ್ ನೀಲಕಂಠಸ್ವಾಮಿ ಮೂಲೆಯ ಸ್ಟೂಲಿನಲ್ಲಿ ಕುಳಿತಿದ್ದಾರೆ. ಪಾಸಾದರೆ ಕೆಲಸ ಕಾಯಂ.

ಮೊದಲು ಬೇಗೂರಿನ ಪುಟ್ಟಸಿದ್ದಮ್ಮ, ಬಿಡದ ಕೆಮ್ಮು. ಆಮೇಲೆ ಅದೇ ಕೆಮ್ಮನ್ನು ಮನೆಯಲ್ಲೇ ಕಲಿತ ಗಂಡ ಮಾರಯ್ಯ.

"ತಾಳಿ ತಗೀರವ್ವ."

"ನನ್ ಗಂಡ ಇನ್ನೂ ಗಟ್ಟಿಯಾಗವ್ನ ಕಣವ್ವ," ಪುಟ್ಟಸಿದ್ದಮ್ಮ ಬಾಗಿಲಾಚೆ ಕೈ ತೋರುತ್ತಾರೆ.

ಚಂದ್ರಮತಿ ತಮ್ಮದೇ ಉಪಾಯ ಹೂಡುತ್ತಾರೆ. "ಕಟ್ಟಿದೋರೇ ಇಟ್ಕೊಳ್ಲಿ. ಯಜಮಾನ್ರೇ, ಕತ್ತು ಬಗ್ಸಿ."

"ಈ ವಯಸ್ನಲ್ಲಿ ನಂಗ ಮದುವ ಮಾಡ್ತಿದ್ದೀಯಾ?"

"ಸುಮ್ಕ ಆಕ್ಕೊ," ಎನ್ನುತ್ತಾರೆ ಹೆಂಡತಿ. "ನಾನು ಇಷ್ಟು ವರ್ಸ ಒತ್ತಿಲ್ವಾ? ನೀನು ಒಂದ್ಗಳಿಗ ಒರು."

ಬೆಂಚಿನವರು ನಗುತ್ತಾರೆ. ಮಾರಯ್ಯ ತಾಳಿಯನ್ನು ಬನಿಯನ್ನಿನೊಳಗೆ ಅಡಗಿಸುತ್ತಾರೆ. ಪುಟ್ಟಸಿದ್ದಮ್ಮನ ಚಿತ್ರ ಸ್ವಚ್ಛವಾಗಿ ಬರುತ್ತದೆ. ಬಾಗಿಲಾಚೆಯ ಈ ಶಾಸ್ತ್ರವನ್ನು ಕಾಣದ ನೀಲಕಂಠಸ್ವಾಮಿ ಚಿತ್ರ ನೋಡಿ ತಲೆದೂಗುತ್ತಾರೆ.

ಮಾರಯ್ಯನ ಸರದಿ. ಬೀಗದ ಕೈ, ಚಿಲ್ಲರೆ ಎಲ್ಲ ಮೇಜಿಗೆ ಬರುತ್ತದೆ. ಕತ್ತಿನ ಹಿಂದೆ ದಾರ ಕಾಣುತ್ತದೆ. ದೇವರ ದಾರವಿಲ್ಲದ ಗಂಡಸು ಈ ಕಡೆ ಅಪರೂಪ.

"ಇನ್ನೇನಾದ್ರೂ ಅದಾ?"

"ನಂದೇನೂ ಇಲ್ಲ ಕಣವ್ವ."

ಪರದೆಯ ಮೇಲೆ ಚಿತ್ರ ಮೂಡುತ್ತದೆ. ಹೆಸರು ಮಾರಯ್ಯ, ಪುರುಷ. ಪಕ್ಕೆಲುಬುಗಳ ನಡುವೆ ತಾಳಿಬೊಟ್ಟು, ಎರಡು ಗುಂಡುಮಣಿ.

ನೀಲಕಂಠಸ್ವಾಮಿ ಎದ್ದು ನಿಲ್ಲುತ್ತಾರೆ. ಒಬ್ಬರ ಚಿತ್ರಕ್ಕೆ ಇನ್ನೊಬ್ಬರ ಹೆಸರು ಬೀಳುವುದಕ್ಕಿಂತ ದೊಡ್ಡ ಅಪರಾಧ ಈ ಕೋಣೆಯಲ್ಲಿಲ್ಲ. "ಹೆಸರು ಅದಲುಬದಲು ಮಾಡಿದ್ದೀರಮ್ಮ. ಇದು ಆ ತಾಯಿದು."

"ಇಲ್ಲ ಸಾರ್." ಚಂದ್ರಮತಿ ಮೊದಲ ಚಿತ್ರ ತೆರೆಯುತ್ತಾರೆ. ಅದರಲ್ಲಿ ತಾಳಿಯಿಲ್ಲ. ಅಂದರೆ ಅದು ಗಂಡಸಿನದೇ? ಇಬ್ಬರೂ ಒಂದು ಚಿತ್ರ ನೋಡಿ ಇನ್ನೊಂದನ್ನು ನೋಡುತ್ತಾರೆ. ಯಾರು ಗಂಡ, ಯಾರು ಹೆಂಡತಿ ಎಂಬುದು ಸ್ವಲ್ಪ ಹೊತ್ತು ಯಾರಿಗೂ ಖಚಿತವಿಲ್ಲ.

"ನನ್ ತಾಳಿ ಕೊಡು," ಬಾಗಿಲಿನಿಂದ ಪುಟ್ಟಸಿದ್ದಮ್ಮ.

ಮಾರಯ್ಯ ಬನಿಯನ್ನಿಗೆ ಕೈ ಹಾಕುತ್ತಾರೆ.

"ಆಕ್ದೋಳೂ ನಾನೇ ಸಾರ್, ಮರ್ತೋಳೂ ನಾನೇ," ಎನ್ನುತ್ತಾರೆ ಚಂದ್ರಮತಿ. ಮಾರಯ್ಯನನ್ನು ಮತ್ತೆ ನಿಲ್ಲಿಸಿ, ಕತ್ತು ತಡವಿ ನೋಡಿ, ಚಿತ್ರ ತೆಗೆಯುತ್ತಾರೆ. "ಪರೀಕ್ಷ ಓದ್ರ ಓಯ್ತದ. ನನ್ ದೆಸೆಯಿಂದ ಅವ್ರಿಗ ಬ್ಯಾಡ್ದೇ ಇರೋ ಕಿರಣ ಎರಡ್ನೇ ಸಲ ಬಿತ್ತಲ್ಲ."

ಸಂಜೆ ಫಲಿತಾಂಶ ಬರುತ್ತದೆ. ಹೊಸ ಯಂತ್ರವನ್ನು ಒಬ್ಬರೇ ನಡೆಸುವ ಯೋಗ್ಯತೆ ಚಂದ್ರಮತಿಗೆ ಸದ್ಯಕ್ಕಿಲ್ಲ. ಮೂರು ತಿಂಗಳ ಬಳಿಕ ಮರುಪರೀಕ್ಷೆ. ಅಲ್ಲಿಯವರೆಗೆ, ಬೇರೆ ಯಾರೂ ಇಲ್ಲದ ಕಾರಣ, ಯಂತ್ರವನ್ನು ಅವರೊಬ್ಬರೇ ನಡೆಸುತ್ತಾರೆ.