ಐವಿ ಹೊಲಿದ ಬೂದು ಅಂಗಿ

ನಮ್ಮ ಡಾರ್ಗೊ ಕಣಿವೆಯಲ್ಲಿ ಬೇಟೆಗಾರರಿಗೆ ಬಟ್ಟೆ ಹೊಲಿಯುವವಳು ಐವಿ ಕ್ರಾಡಕ್ ಒಬ್ಬಳೇ. ತಾನೂ ಕಡವೆ ಬೇಟೆಗೆ ಹೋಗುವವಳಾದ್ದರಿಂದ ಅವಳ ಮಾತಿಗೆ ಬೆಲೆಯಿತ್ತು. ಅಂಗಡಿಯ ಬೆಳಕಿನಲ್ಲಿ ಅವಳು ಬಟ್ಟೆ ಆರಿಸಿದ್ದೇ ಇಲ್ಲ. ಹೊತ್ತು ಮುಳುಗುವಾಗ ತುಂಡುಗಳನ್ನು ಬೇಲಿಗೆ ನೇತುಹಾಕಿ, ಅರವತ್ತು ಹೆಜ್ಜೆ ಹಿಂದೆ ಸರಿದು, ಯಾವುದು ಮೊದಲು ಮಾಯವಾಗುತ್ತದೆಂದು ನೋಡುವಳು.

ಆ ಮೇ ತಿಂಗಳಲ್ಲಿ, ನಮ್ಮ ಕಡೆ ಚಳಿ ಶುರುವಾಗುವ ಹೊತ್ತಿಗೆ, ಅವಳ ತಮ್ಮ ಕ್ಲೆಮ್ ಪಟ್ಟಣದಿಂದ ಕಪ್ಪು ಅಂಗಿ ತಂದ.

"ಕತ್ತಲಿಗೆ ಕಪ್ಪೇ ಸರಿ ಅಲ್ವೇನೇ ಐವಿ?"

"ಮುಸ್ಸಂಜೆಲಿ ಕಾಡು ಕಪ್ಪಗಿರುತ್ತೇನೋ ಪೆದ್ದ? ಬೂದಿ ಬಣ್ಣಕ್ಕೆ ತಿರುಗಿರುತ್ತೆ. ಅದ್ರ ಮಧ್ಯೆ ನೀನು ಕರೀ ಹಸು ನಿಂತ ಹಾಗೆ ಕಾಣ್ತೀಯ."

ತನಗೆ ಅವಳು ಬೂದು-ಕಂದು ಉಣ್ಣೆಯ ಅಂಗಿ ಹೊಲಿದುಕೊಂಡಳು. ಸೋಪಿನ ಪುಡಿಯ ಹೊಳಪು ಕಡವೆಯ ಕಣ್ಣಿಗೆ ಬೀಳುತ್ತದೆಂದು ಬರೀ ನೀರಿನಲ್ಲಿ ಒಗೆದಳು.

ಮರುದಿನ ಸಂಜೆ ಐವಿ ಒಣಗಿದ ಜರಿಗಿಡಗಳ ನಡುವೆ ಕೂತಳು. ಕ್ಲೆಮ್ ಕೆಳಗೆ ತೊರೆಯ ಬಳಿಯೇ ಇರಬೇಕೆಂದು ಮಾತಾಗಿತ್ತು. ಬೆಳಕು ಇಳಿಯಿತು. ಚಳಿಗೆ ಸೋರುತ್ತಿದ್ದ ಮೂಗನ್ನು ಅವಳು ಬರಿಗೈಯಿಂದ ಒರೆಸಿಕೊಂಡಳು, ಅಷ್ಟೇ. ಎದುರಿನ ದಿಬ್ಬದಲ್ಲಿ ಕಪ್ಪು ಆಕಾರವೊಂದು ಮಂಡಿಯೂರಿ ಕೋವಿ ಎತ್ತಿತು. ಅಂಗಿಯಿಂದಲೇ ಗುರುತು ಹತ್ತಿತು: ಕ್ಲೆಮ್!

ಕೋವಿಯ ಬಾಯಿ ನೇರ ಅವಳ ಮುಖಕ್ಕಿತ್ತು. ಅಲುಗಿದರೆ ಕಡವೆ ಓಡಿತೆಂದು ಹೊಡೆಯುತ್ತಾನೆ. ಅಲುಗದಿದ್ದರೂ ಹೊಡೆಯುತ್ತಾನೆ. ಕೂಗಲು ಬಾಯಿ ತೆರೆದಳು, ಬರೀ ಗಾಳಿ ಬಂತು. ತೊಡೆಯಲ್ಲಿ ಬೆಚ್ಚಗೆ ಒದ್ದೆಯಾದದ್ದು ಗೊತ್ತಾಯಿತು. ಕಣ್ಣು ಮುಚ್ಚಿ ಮತ್ತೊಮ್ಮೆ ಉಸಿರೆಳೆದಳು.

"ಕ್ಲೆಮ್! ನಾನು ಕಣೋ! ನಾನು!"

ಕಣ್ಣು ಬಿಟ್ಟಾಗ ಅವನು ಕೋವಿಯನ್ನು ನೆಲಕ್ಕಿಟ್ಟು ವಾಂತಿ ಮಾಡಿಕೊಳ್ಳುತ್ತಿದ್ದ.

"ನೀನು ಕಾಣಲೇ ಇಲ್ಲ ಕಣೇ," ಎಂದ, ಅವಳು ತೊರೆ ದಾಟಿ ಬಂದ ಮೇಲೆ. "ಏನೋ ಬೆಳ್ಳಗೆ ಅಲುಗ್ತು, ಕಡವೆ ಕಿವಿ ಅಂದ್ಕೊಂಡೆ. ಬೆರಳು ಕೋವಿ ಕುದುರೆ ಮೇಲಿತ್ತು, ಒತ್ತೋದೊಂದೇ ಬಾಕಿ."

"ಜಾಗ ಬಿಟ್ಟು ಯಾಕೋ ಬಂದೆ?"

"ಕೆಳಗೆ ಏನೂ ಕಾಣ್ತಿರಲಿಲ್ಲ..."

ಇಬ್ಬರೂ ಕೈ ಹಿಡಿದುಕೊಂಡೇ ಗಾಡಿಯವರೆಗೆ ನಡೆದರು.

ಕ್ಲೆಮ್ ಮತ್ತೆ ಕೋವಿ ಮುಟ್ಟಲಿಲ್ಲ. ಐವಿ ಮಾತ್ರ ಜೂನ್‌ನಲ್ಲೇ ಕಾಡಿಗೆ ಹೋದಳು, ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು. ಆ ಬಣ್ಣ ಕಡವೆಗೆ ಮಂಕಾಗಿ ಕಾಣುತ್ತದೆ, ಮನುಷ್ಯನಿಗೆ ಮಾತ್ರ ಉರಿಯುವಂತೆ ಕಾಣುತ್ತದೆ. ಭುಜಕ್ಕೆ ಕಿತ್ತಳೆ ಪಟ್ಟಿ ಬೇಡವೆಂದವರಿಗೆ ಅವಳು ಅಂಗಿ ಹೊಲಿಯುವುದನ್ನೇ ಬಿಟ್ಟಳು. ಕೆಲವರು ನಕ್ಕು ಬೇರೆ ಕಡೆ ಹೋದರು. ಹೋಗಲಿ ಎಂದಳು.